ಗುಲಾಮಗಿರಿಯನ್ನು ಹೊಗಳಿ ಕಾದಂಬರಿ ಬರೆದವರಿಗೆ ನಿಜ ಗೊತ್ತಿರಲಿಲ್ವಾ?

ನೀವು ಕೇಳಿರುವುದು ಎರಡು ಪ್ರಶ್ನೆ. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಎಂಬ ಗುಲಾಮಗಿರಿ ವಿರೋಧಿ ಕಾದಂಬರಿ ಬಂದ ಮೇಲೆ ಅದಕ್ಕೆ ಎದುರಾಗಿ, ಗುಲಾಮಗಿರಿಯೇ ಒಳ್ಳೆಯದು ಅನ್ನುವ ಕಾದಂಬರಿಗಳೂ ಅಮೆರಿಕದಲ್ಲಿ ಬಂದವಂತೆ, ನಿಜವಾ? ಬರೆದವರಿಗೆ ತಮ್ಮ ಸುತ್ತ ನಡೆಯುತ್ತಿದ್ದದ್ದು ಗೊತ್ತಿರಲಿಲ್ವಾ?

ಮೊದಲನೆಯದು ನಿಜ. 1852ರಿಂದ 1861ರಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗುವ ತನಕ ಇಂಥವು ಇಪ್ಪತ್ತಕ್ಕೂ ಹೆಚ್ಚು ಬಂದವು. ಎರಡನೆಯದಕ್ಕೆ ನನ್ನ ಉತ್ತರ: ಗೊತ್ತಿತ್ತು. ಒಬ್ಬ ಲೇಖಕಿಯ ವಿಷಯದಲ್ಲಂತೂ ಅನುಮಾನವೇ ಇಲ್ಲ. ಆಕೆಯ ಕತೆಗೆ ಆಮೇಲೆ ಬರುತ್ತೇನೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ ‘ಅಂಕಲ್ ಟಾಮ್ಸ್ ಕ್ಯಾಬಿನ್’ 1851ರ ಜೂನ್‌ನಿಂದ ವಾಷಿಂಗ್ಟನ್ನಿನ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 1852ರ ಮಾರ್ಚ್‌ನಲ್ಲಿ ಪುಸ್ತಕವಾಯಿತು. ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿ ಮಾರಾಟವಾದವು. ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ರಾಜ್ಯಗಳು ಉರಿದುಬಿದ್ದವು. ಎಷ್ಟರಮಟ್ಟಿಗೆ ಅಂದರೆ, ಮೇರಿಲ್ಯಾಂಡಿನ ಸ್ಯಾಮ್ಯುಯೆಲ್ ಗ್ರೀನ್ ಎಂಬ ಕಪ್ಪು ಪಾದ್ರಿಗೆ 1857ರಲ್ಲಿ ಈ ಪುಸ್ತಕ ಮನೆಯಲ್ಲಿ ಸಿಕ್ಕಿತು ಅಂತ 10 ವರ್ಷ ಜೈಲಾಯಿತು. ಆತ ಗುಲಾಮನೂ ಅಲ್ಲ, ಸ್ವತಂತ್ರ ಮನುಷ್ಯ.

(ಇಲ್ಲಿ ‘ಜೀತ’ ಅನ್ನುವ ಮಾತನ್ನು ಬೇಕಂತಲೇ ಬಳಸುತ್ತಿಲ್ಲ. ಜೀತಕ್ಕೆ ಒಂದು ಸಾಲದ ಲೆಕ್ಕ ಇರುತ್ತದೆ, ಸುಳ್ಳು ಲೆಕ್ಕವೇ ಆದರೂ. ಅಮೆರಿಕದಲ್ಲಿ ಮನುಷ್ಯನೇ ಸ್ವತ್ತು. ಹುಟ್ಟಿದ ಮಗುವೂ ತಾಯಿಯ ಧಣಿಗೇ ಸೇರುತ್ತಿತ್ತು.)

ಬೈದರೆ, ನಿಷೇಧಿಸಿದರೆ ಸಾಲದು, ಕಾದಂಬರಿಗೆ ಕಾದಂಬರಿಯಿಂದಲೇ ಉತ್ತರ ಕೊಡಬೇಕು ಅಂತ ಕೆಲವರಿಗೆ ಅನ್ನಿಸಿತು. ಅದೇ 1852ರಲ್ಲಿ ವರ್ಜೀನಿಯಾ ಮೂಲದ ಮೇರಿ ಈಸ್ಟ್‌ಮನ್ ‘ಆಂಟ್ ಫಿಲಿಸಸ್ ಕ್ಯಾಬಿನ್’ ಬರೆದರು. ಅಂಕಲ್‌ಗೆ ಎದುರಾಗಿ ಆಂಟಿ! ಹೆಸರಿನಲ್ಲೇ ಪೈಪೋಟಿ ಕಾಣುತ್ತದೆ ಅಲ್ವಾ? ಬಫಲೋ ಊರಿನ ಡಬ್ಲ್ಯೂ. ಎಲ್. ಜಿ. ಸ್ಮಿತ್ ‘ಲೈಫ್ ಅಟ್ ದ ಸೌತ್’ ಬರೆದ. ಅದರಲ್ಲಿ ಟಾಮ್ ಎಂಬ ಗುಲಾಮ ಓಡಿಹೋಗಿ ಕೆನಡಾ ಸೇರುತ್ತಾನೆ, ಕಷ್ಟಪಟ್ಟು ಸೊರಗಿ, ನನ್ನನ್ನು ಹಳೇ ಧಣಿಯ ಹತ್ತಿರವೇ ಕರೆದುಕೊಂಡು ಹೋಗಿ ಅಂತ ಗೋಗರೆಯುತ್ತಾನೆ. ಗಮನಿಸಿ, ಬಫಲೋ ಇರುವುದು ಗುಲಾಮಗಿರಿ ಇಲ್ಲದ ಉತ್ತರದಲ್ಲಿ. ಈಸ್ಟ್‌ಮನ್ ಪುಸ್ತಕ ಅಚ್ಚಾದದ್ದೂ ಫಿಲಡೆಲ್ಫಿಯಾದಲ್ಲಿ. ದೊಡ್ಡ ಪ್ರಕಾಶಕರು ಉತ್ತರದಲ್ಲಿದ್ದರು, ಮನಸ್ಸು ಬದಲಿಸಬೇಕಾದ ಓದುಗರೂ ಅಲ್ಲೇ ಇದ್ದರು.

ನಾನು ಎಂ.ಎ. ಓದುವಾಗ ಇವುಗಳಲ್ಲಿ ನಾಲ್ಕನ್ನು ಓದಿದ್ದೆ. ಎರಡನೆಯದಕ್ಕೇ ಬೇಜಾರು ಬಂತು. ಒಂದು ದೊಡ್ಡ ಎಸ್ಟೇಟು, ಕಾಫಿ ಬದಲು ಹತ್ತಿನೋ ತಂಬಾಕೋ ಅಂದುಕೊಳ್ಳಿ. ತಂದೆಯಂಥ ಧಣಿ. ಕೆಲಸ ಮುಗಿಸಿ ಹಾಡುತ್ತಾ ಕುಣಿಯುತ್ತಾ ಇರುವ ಗುಲಾಮರು. ಉತ್ತರದಿಂದ ಬಂದು ಕಿವಿ ಊದುವ ಒಬ್ಬ ಕಪಟಿ. ಅವನ ಮಾತು ನಂಬಿ ಓಡಿಹೋದವರಿಗೆ ಚಳಿ, ಹಸಿವು, ಪಶ್ಚಾತ್ತಾಪ. ಫಿಲಿಸ್‌ಳನ್ನೂ ಉತ್ತರಕ್ಕೆ ಹೋದಾಗ ಓಡಿಹೋಗು ಅಂತ ಪುಸಲಾಯಿಸುತ್ತಾರೆ, ಆಕೆ ಒಪ್ಪುವುದಿಲ್ಲ. ಇಷ್ಟೆಲ್ಲ ಹೇಳಿಯೂ ಈಸ್ಟ್‌ಮನ್‌ಗೆ ಸಮಾಧಾನವಿಲ್ಲ. ಕತೆ ಮುಗಿದ ಮೇಲೆ ಕೊನೆಗೊಂದು ಅಧ್ಯಾಯ ಸೇರಿಸಿ ನೇರವಾಗಿ ಸ್ಟೋವ್ ಜೊತೆ ವಾದಕ್ಕೆ ನಿಲ್ಲುತ್ತಾರೆ. ತನ್ನ ಪಾತ್ರಗಳ ಮೇಲೆ ತನಗೇ ನಂಬಿಕೆ ಇಲ್ಲದ ಲೇಖಕಿ ಅಂತ ನನಗನ್ನಿಸಿತ್ತು.

ಇವರ ಒಂದು ವಾದದಲ್ಲಿ ಮಾತ್ರ ಸ್ವಲ್ಪ ಹುರುಳಿತ್ತು. ಉತ್ತರದ ಗಿರಣಿ ಕೆಲಸಗಾರ ಕಾಯಿಲೆ ಬಿದ್ದರೆ ಬೀದಿಪಾಲು, ನಮ್ಮ ಗುಲಾಮನಿಗೆ ಮುಪ್ಪಿನಲ್ಲೂ ಅನ್ನ ಇದೆ ಅನ್ನುತ್ತಿದ್ದರು. ಗಿರಣಿಯವರ ಪಾಡು ನಿಜಕ್ಕೂ ಕೆಟ್ಟದಾಗಿತ್ತು. ಆದರೆ ಗಿರಣಿಯವನ ಮಗಳನ್ನು ಯಾರೂ ಹರಾಜು ಕಟ್ಟೆ ಮೇಲೆ ನಿಲ್ಲಿಸುತ್ತಿರಲಿಲ್ಲ. ಆ ವಿಷಯ ಬಂದಾಗ ಈ ಕಾದಂಬರಿಗಳು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತವೆ.

ಈಗ ಆ ಲೇಖಕಿ. ಕ್ಯಾರೊಲಿನ್ ಲೀ ಹೆಂಟ್ಜ್. ಹುಟ್ಟಿದ್ದು ಉತ್ತರದ ಮ್ಯಾಸಚೂಸೆಟ್ಸ್‌ನಲ್ಲಿ. 1854ರಲ್ಲಿ ಆಕೆ ಬರೆದ ‘ದ ಪ್ಲಾಂಟರ್ಸ್ ನಾರ್ದರ್ನ್ ಬ್ರೈಡ್’ ಈ ಗುಂಪಿನಲ್ಲೇ ಹೆಚ್ಚು ನುರಿತ ಕೈಯ ಕೆಲಸ. ಗುಲಾಮಗಿರಿ ವಿರೋಧಿಯ ಮಗಳು ಯೂಲೇಲಿಯಾ ದಕ್ಷಿಣದ ಧಣಿ ಮೋರ್ಲೆಂಡ್‌ನನ್ನು ಮದುವೆಯಾಗುತ್ತಾಳೆ. ಅವಳ ಜೊತೆ ಓದುಗರೂ ಮೆತ್ತಗೆ ಅವನ ಮನೆಗೆ ಹೊಕ್ಕುತ್ತಾರೆ, ವಾದ ಮಾಡುವ ಗೋಜೇ ಇಲ್ಲ! ಹೆಂಟ್ಜ್‌ಗೆ ಸ್ಟೋವ್ ಅಪರಿಚಿತಳಲ್ಲ. ಸಿನ್ಸಿನಾಟಿಯಲ್ಲಿ ಇಬ್ಬರೂ ಒಂದೇ ಸಾಹಿತ್ಯ ಕೂಟಕ್ಕೆ ಹೋಗುತ್ತಿದ್ದವರು.

ಅದಕ್ಕೂ ಮೊದಲು, 1820ರ ದಶಕದ ಕೊನೆಯಲ್ಲಿ, ಹೆಂಟ್ಜ್ ಗಂಡ ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಮೇಷ್ಟ್ರು. ಅಲ್ಲಿಗೆ ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಗುಲಾಮ ಜಾರ್ಜ್ ಮೋಸೆಸ್ ಹಾರ್ಟನ್. ಕಾಲೇಜು ಹುಡುಗರಿಗೆ ಅವರ ಹುಡುಗಿಯರ ಹೆಸರಿನಲ್ಲಿ ಪ್ರೇಮಪದ್ಯ ಕಟ್ಟಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದ. ಓದಲು ಕಲಿತಿದ್ದ, ಬರೆಯಲು ಬರುತ್ತಿರಲಿಲ್ಲ. ತಲೆಯಲ್ಲೇ ಕಟ್ಟಿ ಬಾಯಲ್ಲಿ ಹೇಳುತ್ತಿದ್ದ.

ಹೆಂಟ್ಜ್ ಅವನ ಪದ್ಯ ತಿದ್ದಿದರು. ತಮ್ಮ ಹುಟ್ಟೂರಿನ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದರು. ಆಕೆಯ ಮೊದಲ ಮಗು ತೀರಿಕೊಂಡಾಗ ಹಾರ್ಟನ್ ಒಂದು ಶೋಕಗೀತೆ ಕಟ್ಟಿದ. ಅವನು ಹೇಳುತ್ತಾ ಹೋದ, ಆಕೆ ಬರೆದುಕೊಳ್ಳುತ್ತಾ ಹೋದರು, ತಡೆಯಲಾಗದೆ ಕಣ್ಣೀರು ಕೆನ್ನೆ ಮೇಲೆ ಇಳಿಯಿತು. ಇದನ್ನು ಹಾರ್ಟನ್ನೇ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. 1829ರಲ್ಲಿ ಬಂದ ಅವನ ಸಂಕಲನದ ಹೆಸರು ‘ದ ಹೋಪ್ ಆಫ್ ಲಿಬರ್ಟಿ’. ಅದು ಮಾರಾಟವಾದ ದುಡ್ಡಿನಲ್ಲಿ ತನ್ನನ್ನು ತಾನೇ ಕೊಂಡು ಬಿಡುಗಡೆಯಾಗಬೇಕು ಅಂತ ಅವನ ಆಸೆ. ಆಗಲಿಲ್ಲ. ಬಿಡುಗಡೆ ಸಿಕ್ಕಿದ್ದು 1865ರಲ್ಲಿ ಉತ್ತರದ ಸೈನ್ಯ ಬಂದಾಗ, ಅರವತ್ತು ದಾಟಿದ ಮೇಲೆ.

ಅಂದರೆ ಗುಲಾಮನಿಗೆ ಬಿಡುಗಡೆಯ ಆಸೆ ಇರುತ್ತದೆ ಅಂತ ಹೆಂಟ್ಜ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಆಸೆಯ ಪದ್ಯಗಳು ಆಕೆಯ ಕೈಯಲ್ಲೇ ಹಾದುಹೋಗಿದ್ದವು. ಇಪ್ಪತ್ತೈದು ವರ್ಷ ಆದ ಮೇಲೆ ಅದೇ ಕೈ ಮುನ್ನುಡಿಯಲ್ಲಿ ಬರೆಯಿತು: ದಕ್ಷಿಣದಲ್ಲಿದ್ದಷ್ಟು ಕಾಲ ಒಂದೇ ಒಂದು ಕ್ರೌರ್ಯ ಕಣ್ಣಿಗೆ ಬೀಳಲಿಲ್ಲ, ಸರಪಳಿಯನ್ನು ನೋಡಲೇ ಇಲ್ಲ, ಕೊಡುತ್ತಿದ್ದ ಶಿಕ್ಷೆಯೂ ಅಪ್ಪ ಅಮ್ಮ ಮಕ್ಕಳಿಗೆ ಕೊಡುವಷ್ಟೇ ಅಂತ. ಏನು ಹೇಳೋದು? ಆಕೆ ಕಲ್ಲುಮನಸ್ಸಿನವರಲ್ಲ ಅನ್ನುವುದೇ ನನಗೆ ಜಾಸ್ತಿ ಕಾಡುತ್ತದೆ. ಹಾರ್ಟನ್ ಮಾತ್ರ ಬೇರೆ ಥರದವನು, ಉಳಿದವರು ಸುಖವಾಗಿಯೇ ಇದ್ದಾರೆ ಅಂತ ಅಂದುಕೊಂಡಿರಬಹುದು. ಇದು ನನ್ನ ಊಹೆ ಅಷ್ಟೇ.

ಸರಪಳಿ ನೋಡದಿರಲು ಪತ್ರಿಕೆಯನ್ನೂ ಓದದೇ ಇರಬೇಕಿತ್ತು. ದಕ್ಷಿಣದ ಪತ್ರಿಕೆಗಳಲ್ಲೇ ಓಡಿಹೋದ ಗುಲಾಮರ ಜಾಹೀರಾತು ಬರುತ್ತಿದ್ದವು. ಗುರುತಿಗೆ ಅಂತ ಬೆನ್ನಿನ ಬಾಸುಂಡೆ, ಬರೆ ಹಾಕಿದ ಗುರುತು, ಕಾಲಿನ ಕಬ್ಬಿಣ ಎಲ್ಲ ಧಣಿಗಳೇ ಬರೆಸುತ್ತಿದ್ದರು. ಸ್ಟೋವ್ 1853ರಲ್ಲಿ ಇಂಥ ದಾಖಲೆಗಳನ್ನು ಒಟ್ಟು ಹಾಕಿ ಇನ್ನೊಂದು ಪುಸ್ತಕವನ್ನೇ ತಂದರು.

ಯುದ್ಧ ಮುಗಿದ ಮೇಲೂ ಈ ಪರಂಪರೆ ಸಾಯಲಿಲ್ಲ. 1902ರಲ್ಲಿ ಥಾಮಸ್ ಡಿಕ್ಸನ್ ಸ್ಟೋವ್‌ಳ ಖಳನಾಯಕ ಸೈಮನ್ ಲೆಗ್ರಿಯನ್ನೇ ಎತ್ತಿಕೊಂಡು ತನ್ನ ಕಾದಂಬರಿಯಲ್ಲಿ ಪಾತ್ರ ಮಾಡಿದ. ಅವನ ಇನ್ನೊಂದು ಕಾದಂಬರಿಯಿಂದ 1915ರ ‘ದ ಬರ್ತ್ ಆಫ್ ಎ ನೇಷನ್’ ಸಿನಿಮಾ ಬಂತು. ಅದೇ ಬೇರೆ ಕತೆ.

ನೀವು ಓದುವುದಾದರೆ ನಾಲ್ಕೂ ಬೇಡ. ಹೆಂಟ್ಜ್ ಒಂದೇ ಸಾಕು, ಹಳೇ ಪುಸ್ತಕವಾದ್ದರಿಂದ ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ. ಮುಗಿದ ತಕ್ಷಣ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಪ್ರಕಟಿಸಿದ ಆತ್ಮಕಥೆ ಕೈಗೆತ್ತಿಕೊಳ್ಳಿ. ಆಕೆಯೂ ನಾರ್ತ್ ಕೆರೊಲಿನಾದವಳೇ. ಧಣಿಯಿಂದ ತಪ್ಪಿಸಿಕೊಂಡು ಅಜ್ಜಿಯ ಮನೆಯ ಅಟ್ಟದಲ್ಲಿ ಸುಮಾರು ಏಳು ವರ್ಷ ಅಡಗಿದ್ದಳು. ಒಂಬತ್ತಡಿ ಉದ್ದ, ಏಳಡಿ ಅಗಲ, ಎತ್ತರ ಹೆಚ್ಚೆಂದರೆ ಮೂರಡಿ. ಒಳಗೇ ತೆವಳಾಡುವಾಗ ಒಂದು ದಿನ ಏನೋ ತಲೆಗೆ ತಗುಲಿತು, ನೋಡಿದರೆ ಒಂದು ಸಣ್ಣ ಬೈರಿಗೆ. ಅದರಿಂದ ಹಲಗೆಗೆ ತೂತು ಕೊರೆದು, ಬೀದಿಯಲ್ಲಿ ಓಡಾಡುವ ತನ್ನ ಮಕ್ಕಳನ್ನು ನೋಡುತ್ತಿದ್ದಳು. ಅಮ್ಮ ಮೇಲೆಯೇ ಇದ್ದಾಳೆ ಅಂತ ಆ ಮಕ್ಕಳಿಗೆ ಹೇಳುವ ಹಾಗಿರಲಿಲ್ಲ.