ಜಗಲಿಗೆ ಬಂದ ತಟ್ಟೆಗಾತ್ರದ ಪತಂಗ

ಪ್ರಶ್ನೆ: ಮಳೆ ಬಿಟ್ಟ ರಾತ್ರಿ ನಮ್ಮ ಜಗಲಿಯ ಲೈಟಿಗೆ ಊಟದ ತಟ್ಟೆಯಷ್ಟು ಅಗಲದ ಚಿಟ್ಟೆ ಬಂದು ಕೂತಿತ್ತು. ರೆಕ್ಕೆಯ ತುದಿ ಹಾವಿನ ತಲೆಯ ಹಾಗೇ ಇದೆ. ಬೆಳಗಾದರೂ ಅಲ್ಲಾಡಲಿಲ್ಲ. ಅದು ಯಾವುದು? ತಿನ್ನಲು ಏನಾದರೂ ಇಡಬೇಕಿತ್ತಾ?
– ಓದುಗರು, ಶಿರಸಿ

ಉತ್ತರ: ಅದು ಚಿಟ್ಟೆಯಲ್ಲ, ಪತಂಗ. ಎಲ್ಲರೂ ‘ಅಟ್ಲಾಸ್ ಪತಂಗ’ ಅಂತಾರೆ, ಫೋಟೋ ಹಾಕಿದರೆ ‘ಜಗತ್ತಿನ ಅತಿ ದೊಡ್ಡ ಪತಂಗ’ ಅಂತಲೂ ಸೇರಿಸುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ನಿಜವಾದ ಅಟ್ಲಾಸ್, ಅಂದರೆ ‘ಅಟ್ಟಾಕಸ್ ಅಟ್ಲಾಸ್’, ಹಿಮಾಲಯದ ತಪ್ಪಲು ಮತ್ತು ಈಶಾನ್ಯ ಭಾರತದಿಂದ ಇಂಡೋನೇಷ್ಯಾದವರೆಗಿನ ಕಾಡುಗಳದ್ದು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವುದು ಅದರ ದಾಯಾದಿ, ‘ಅಟ್ಟಾಕಸ್ ಟಪ್ರೊಬಾನಿಸ್’. ಶ್ರೀಲಂಕಾವನ್ನು ಹಿಂದೆ ಗ್ರೀಕರು ಟಪ್ರೊಬಾನೆ ಎನ್ನುತ್ತಿದ್ದರು, ಹೆಸರು ಬಂದದ್ದು ಅಲ್ಲಿಂದ. 1882ರಲ್ಲಿ ಬ್ರಿಟಿಷ್ ಕೀಟತಜ್ಞ ಫ್ರೆಡರಿಕ್ ಮೂರ್ ಇದನ್ನು ಬೇರೆ ಜಾತಿಯಾಗಿ ವಿವರಿಸಿದ. ಎರಡೂ ನೋಡಲು ಒಂದೇ ಥರ. ಬರೀ ಕಣ್ಣಿಗೆ ಗುರುತು ಹಿಡಿಯೋದು ಕಷ್ಟ, ನಿಮ್ಮ ಊರೇ ಒಳ್ಳೆಯ ಸುಳಿವು. ಇನ್ನು ಗಾತ್ರದ ಮಾತು: ರೆಕ್ಕೆಯ ಅಗಲದಲ್ಲಿ ದಕ್ಷಿಣ ಅಮೆರಿಕದ ‘ಬಿಳಿ ಮಾಟಗಾತಿ’ ಪತಂಗ ಇವನ್ನೂ ಮೀರಿಸುತ್ತದೆ.

ಮತ್ತೆ ಬಂದರೆ ಮುಟ್ಟದೆ, ಹತ್ತಿರ ಬಗ್ಗಿ ನೋಡಿ. ಇಟ್ಟಿಗೆ ಕೆಂಪು ಮೈಬಣ್ಣ. ನಾಲ್ಕೂ ರೆಕ್ಕೆಯ ನಡುವೆ ಸಣ್ಣ ತ್ರಿಕೋನದ ಕಿಟಕಿ, ಅಲ್ಲಿ ಹುಡಿಯೇ ಇಲ್ಲ, ಹಿಂದಿನ ಗೋಡೆ ಕಾಣುತ್ತದೆ. ಮುಂದಿನ ರೆಕ್ಕೆಯ ತುದಿ ಬಾಗಿದೆ, ಅದರಲ್ಲೊಂದು ಕಪ್ಪು ಚುಕ್ಕೆ. ನೀವು ಕಂಡ ಹಾವಿನ ಕಣ್ಣು ಅದೇ. ಮೀಸೆ ಹಕ್ಕಿಗರಿಯಂತೆ ಅಗಲವಾಗಿದ್ದರೆ ಗಂಡು, ಸಪೂರವಾಗಿದ್ದರೆ ಹೆಣ್ಣು. ಹೆಣ್ಣಿನ ವಾಸನೆಯನ್ನು ಗಂಡು ದೂರದಿಂದ ಹಿಡಿಯೋದು ಆ ಮೀಸೆಯಿಂದಲೇ.

ತಿನ್ನಲು ಏನೂ ಬೇಡ. ಅದಕ್ಕೆ ತಿನ್ನುವ ಬಾಯಿಯೇ ಇಲ್ಲ! ಹುಳುವಾಗಿದ್ದಾಗ ದಾಲ್ಚಿನ್ನಿಯಂಥ ಗಿಡಗಳ ಎಲೆ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕುತ್ತದೆ, ಅಷ್ಟರಲ್ಲಿ ಜೋಡಿ ಹುಡುಕಿ ಮೊಟ್ಟೆ ಇಡಬೇಕು. ಸುಮ್ನೆ ಕೂರುವುದು ಶಕ್ತಿ ಉಳಿಸಲಿಕ್ಕೆ. ವಿಷವಿಲ್ಲ, ಕಚ್ಚುವುದೂ ಇಲ್ಲ.

ನೀವು ಮಾಡಬೇಕಾದ್ದು ಇಷ್ಟೇ, ಲೈಟ್ ಆರಿಸಿ. ಬೆಳಕಿಗೆ ಸಿಕ್ಕಿಹಾಕಿಕೊಂಡರೆ ಅದರ ಒಂದು ರಾತ್ರಿ ವ್ಯರ್ಥ, ಬೆಳಗ್ಗೆ ಹಕ್ಕಿಗಳ ಬಾಯಿಗೂ ಬೀಳಬಹುದು. ಹಿತ್ತಲಲ್ಲಿ ದಾಲ್ಚಿನ್ನಿ ಇದ್ದರೆ ಕೊಂಬೆಗಳನ್ನೂ ಒಮ್ಮೆ ನೋಡಿ. ಒಣಗಿದ ಎಲೆ ಸುತ್ತಿಕೊಂಡ ಕಂದು ರೇಷ್ಮೆಯ ಗೂಡು ತೂಗುತ್ತಿರಬಹುದು.