ಅಕ್ಕ, ನಾನು ಬದಿಯಡ್ಕದ ಕಡೆಯವಳು

ನಮಸ್ಕಾರ ಅಕ್ಕ. ಅಕ್ಟೋಬರ್‌ನಿಂದ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನಿಮ್ಮ ಜೊತೆ ಮನೆ ಹಂಚಿಕೊಳ್ಳುವವಳು ನಾನೇ. ಕೇರಳದವಳು ಅಂತೀಯ, ಕನ್ನಡ ಹೇಗೆ ಬರುತ್ತೆ ಅಂತ ಕೇಳಿದ್ದಿರಿ ಅಲ್ವಾ? ಒಂದೆರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮದು ಕಾಸರಗೋಡು ಜಿಲ್ಲೆ, ಬದಿಯಡ್ಕದ ಹತ್ತಿರ ಒಂದು ಹಳ್ಳಿ. ನಾವು ಎಲ್ಲಿಂದಲೋ ಬಂದು ಕೇರಳದಲ್ಲಿ ನೆಲೆಸಿದವರಲ್ಲ. 1956ರ ತನಕ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಆ ವರ್ಷ ನವೆಂಬರ್ 1ಕ್ಕೆ ಮಂಗಳೂರು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದ ನೋಡಲಿಕ್ಕೆ ನೇಮಿಸಿದ್ದ ಮಹಾಜನ್ ಆಯೋಗ ಹೇಳಿತು, ಆದರೆ ಅದು ಜಾರಿಗೆ ಬರಲೇ ಇಲ್ಲ. ನಮ್ಮ ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ದಶಕಗಟ್ಟಲೆ ಹೋರಾಡಿದರು, 2015ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು. ಅವರ ಹೆಸರು ಕೇಳದ ಮಗು ನಮ್ಮಲ್ಲಿಲ್ಲ.

ಹತ್ತನೇ ತನಕ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಾಠಪುಸ್ತಕ ಕೇರಳ ಸರಕಾರದ್ದೇ, ಭಾಷೆ ಕನ್ನಡ. ಮನೆಯಲ್ಲಿ ಹವ್ಯಕ ಕನ್ನಡ, ತೋಟದ ಕೆಲಸಕ್ಕೆ ಬರುವವರ ಹತ್ತಿರ ತುಳು, ಬಸ್ಸು ಹತ್ತಿದರೆ ಮಲಯಾಳ. ಪಕ್ಕದ ಮನೆಯ ಗೆಳತಿ ಬ್ಯಾರಿ ಮಾತಾಡುತ್ತಾಳೆ, ಅದೂ ಅರ್ಥ ಆಗುತ್ತದೆ. ಓಣಂ ರಜೆಯೂ ನಮ್ಮದೇ, ರಾತ್ರಿಯಿಡೀ ನಡೆಯುವ ಯಕ್ಷಗಾನವೂ ನಮ್ಮದೇ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬ ಇಲ್ಲೇ ಕುಂಬಳೆಯವನು ಅನ್ನುವುದು ನಮಗೆ ದೊಡ್ಡ ಹೆಮ್ಮೆ.

ಕಷ್ಟವೂ ಇದೆ. ಹೈಸ್ಕೂಲಿನಲ್ಲಿ ಒಂದು ವರ್ಷ ಕನ್ನಡವೇ ಬಾರದ ಟೀಚರ್ ನಮಗೆ ಗಣಿತಕ್ಕೆ ಬಂದಿದ್ದರು, ಪಾಪ ಅವರಿಗೂ ಕಷ್ಟ, ನಮಗೂ ಕಷ್ಟ. ಕೆಲವು ಅರ್ಜಿ ಫಾರಂ ಮಲಯಾಳದಲ್ಲಿ ಮಾತ್ರ ಇರುತ್ತದೆ, ಅಜ್ಜಿ ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ತಿರುವನಂತಪುರಕ್ಕೆ ಹೋಗಬೇಕಾದರೆ ರಾತ್ರಿಯಿಡೀ ರೈಲು. ಮಂಗಳೂರು ಸುಮಾರು 50 ಕಿ.ಮೀ., ಆಸ್ಪತ್ರೆಗೆ, ಮದುವೆ ಜವಳಿಗೆ ಎಲ್ಲ ಅಲ್ಲಿಗೇ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯ ತಲಪಾಡಿಯಲ್ಲಿ ಸಿಕ್ಕಿಹಾಕಿಕೊಂಡರು, ಕೆಲವರು ಜೀವವನ್ನೇ ಕಳಕೊಂಡರು. ಅದನ್ನು ನಮ್ಮ ಕಡೆಯವರು ಮರೆಯಲಿಕ್ಕಿಲ್ಲ. ಅಡಿಕೆಗೆ ಮಾತ್ರ ಗಡಿ ಅಷ್ಟಾಗಿ ಕಾಡಲಿಲ್ಲ, ಯಾಕೆಂದರೆ 1973ರಲ್ಲಿ ಎರಡೂ ರಾಜ್ಯದ ಬೆಳೆಗಾರರಿಗೆ ಸೇರಿಸಿಯೇ ಕ್ಯಾಂಪ್ಕೊ ಅನ್ನುವ ಸಹಕಾರ ಸಂಘ ಶುರು ಮಾಡಿದರು, ಅಪ್ಪ ಈಗಲೂ ಅಡಿಕೆ ಕೊಡುವುದು ಅಲ್ಲಿಗೇ.

ನೀರಿನ ವಿಷಯವನ್ನೇ ಓದುವ ಹುಚ್ಚು ಯಾಕೆ ಅಂತಲೂ ಕೇಳಿದ್ದಿರಿ. ಅದಕ್ಕೆ ಕಾರಣ ನಮ್ಮ ಸುರಂಗ. ನೀರಿಗಾಗಿ ಗುಡ್ಡದ ಬದಿಯಲ್ಲಿ ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ ಕಲ್ಲು) ಅಡ್ಡಕ್ಕೆ ಕೊರೆಯುತ್ತಾ ಹೋಗುತ್ತಾರೆ, ಒಬ್ಬ ಮನುಷ್ಯ ನುಸುಳಿ ಪಿಕ್ಕಾಸು ಬೀಸುವಷ್ಟೇ ಅಗಲ. ಒಳಗೆ ಮೊಂಬತ್ತಿ ಇಟ್ಟುಕೊಳ್ಳುತ್ತಾರೆ, ಬೆಳಕಿಗೂ ಆಯಿತು, ಗಾಳಿ ಇದೆಯಾ ನೋಡಲಿಕ್ಕೂ ಆಯಿತು. ಬತ್ತಿ ಮಂಕಾದರೆ ತಕ್ಷಣ ಹೊರಗೆ ಬರಬೇಕು. ನೀರಿನ ಒರತೆ ಸಿಕ್ಕಿದರೆ ಮತ್ತೆ ಪಂಪು ಬೇಡ, ಕರೆಂಟು ಬೇಡ, ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ನಮ್ಮ ಸುರಂಗದ ಬಾಯಿಗೆ ಮೊದಲು ನೀರು ಹರಿಯಲಿಕ್ಕೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಇತ್ತು, ಈಗ ಪೈಪು. ಏಪ್ರಿಲ್‌ನಲ್ಲೂ ಆ ನೀರು ತಣ್ಣಗಿರುತ್ತದೆ. ಈಗ ಎಲ್ಲ ಕಡೆ ಬೋರ್‌ವೆಲ್ ತೋಡುತ್ತಿದ್ದಾರೆ, ಸುರಂಗ ಕೊರೆಯುವವರು ಕಡಿಮೆಯಾಗಿದ್ದಾರೆ, ಕೊರೆಯಬಲ್ಲವರಿಗೆ ವಯಸ್ಸಾಗಿದೆ. ಗುಡ್ಡದ ಒಳಗೆ ನೀರು ಹೇಗೆ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಅವರು ಮಣ್ಣು ನೋಡಿ, ಮರ ನೋಡಿ ಹೇಳುತ್ತಿದ್ದರು. ನಾನು ಅದನ್ನೇ ಅಳತೆ ಮಾಡಿ, ಲೆಕ್ಕ ಹಾಕಿ ಕಲಿಯಬೇಕು ಅಂತಿದ್ದೇನೆ. ಕಾಸರಗೋಡಿನಲ್ಲಿ ಭೂವಿಜ್ಞಾನದ ಬಿ.ಎಸ್ಸಿ. ಮಾಡಿದ್ದೂ ಅದಕ್ಕೇ.

ಹಲಸಿನ ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ರಸ) ಕಟ್ಟಿ ಇಟ್ಟಾಗಿದೆ. ಅಲ್ಲಿ ತೆಂಗಿನೆಣ್ಣೆ ಸಿಗುತ್ತದಾ ಅಕ್ಕ? ನಮಗೆ ಅಡಿಗೆಗೆ ಅದೇ ಬೇಕು. ಇಲ್ಲದಿದ್ದರೆ ಈಗಲೇ ಹೇಳಿ, ಒಂದು ಬಾಟಲಿಗೆ ಬ್ಯಾಗಿನಲ್ಲಿ ಜಾಗ ಮಾಡುತ್ತೇನೆ.