ಗುಡ್ಡ ಅಗೆದರೆ ಬಾವಿಯ ಗತಿ ಏನು?

ಪ್ರಶ್ನೆ: ನಮ್ಮೂರಿನ ಮೇಲಿನ ಗುಡ್ಡದಲ್ಲಿ ಕಬ್ಬಿಣದ ಅದಿರಿನ ಗಣಿ ಇದೆ. ಇನ್ನೂ ಆಳಕ್ಕೆ ಇಳಿಯುತ್ತಾರಂತೆ. ನನಗಿರುವುದು ಒಂದು ತೆರೆದ ಬಾವಿ, ಒಂದು ಬೋರು. ನೀರು ಕಡಿಮೆಯಾಗಿದೆ ಅಂದರೆ ‘ಮಳೆ ಇಲ್ಲ, ನಾವೇನು ಮಾಡೋಣ’ ಅನ್ನುತ್ತಾರೆ. ಗಣಿ ಮುಗಿದ ಮೇಲೆ ಗುಂಡಿ ಮುಚ್ಚಿ ಗಿಡ ನೆಡುತ್ತಾರಂತೆ, ಆಗ ನೀರು ತಾನಾಗಿ ಬರುತ್ತದಂತೆ. ನಂಬಬಹುದೇ ಸರ್?
– ಒಬ್ಬ ರೈತ, ಸಂಡೂರು ತಾಲ್ಲೂಕು

ಉತ್ತರ: ನಂಬುವುದು ಆಮೇಲಿರಲಿ. ಇವತ್ತು ನಿಮ್ಮ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ? ಬರೆದಿಟ್ಟಿರಲಾರಿರಿ. ಬಾವಿ ಅಳೆಯುವ ನೌಕರಿಯಲ್ಲೇ ನನ್ನ ತಲೆ ನರೆಯಿತು. ‘ಹೋದ ವರ್ಷ ನೀರಿತ್ತು, ಈ ವರ್ಷ ಇಲ್ಲ’ ಎಂಬ ಮಾತು ಯಾವ ಸಭೆಯಲ್ಲೂ ನಿಂತದ್ದನ್ನು ಕಂಡಿಲ್ಲ.

ತೆರೆದ ಬಾವಿಗೆ ಹಗ್ಗ, ಕಲ್ಲು ಸಾಕು. ಕಟ್ಟೆಯ ಮೇಲೊಂದು ಬಣ್ಣದ ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಿರಿ. ಬೆಳಿಗ್ಗೆ, ಮೋಟಾರು ಹಾಕುವ ಮುಂಚೆ. ಹಿಂದಿನವರು ‘ಎಷ್ಟು ಮಾರು’ ಅನ್ನುತ್ತಿದ್ದರಲ್ಲ, ಅದೇ ಲೆಕ್ಕ. ನೀವು ಮೀಟರಿನಲ್ಲಿ ಬರೆಯಿರಿ. ಬೋರಿಗೆ ಮಾತ್ರ ಹಗ್ಗ ಇಳಿಸಬೇಡಿ. ಕೇಬಲ್ಲಿಗೆ ಸುತ್ತಿಕೊಂಡರೆ ಪಂಪು ಎತ್ತಿಸುವ ಖರ್ಚು ನಿಮ್ಮ ತಲೆಗೇ.

ಜನವರಿ, ಮೇ, ಆಗಸ್ಟ್, ನವೆಂಬರ್ – ಈ ನಾಲ್ಕು ತಿಂಗಳು ತಪ್ಪಿಸಬೇಡಿ. ಗಣಿಗಳ ಪರಿಸರ ಅನುಮತಿಯಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ ಅಂತರ್ಜಲ ಅಳೆಯಬೇಕೆಂಬ ಷರತ್ತಿರುತ್ತದೆ, ಹೆಚ್ಚುಕಡಿಮೆ ಇದೇ ಹೊತ್ತಿಗೆ. ಷರತ್ತು ಪಾಲಿಸಿದ್ದರ ವರದಿಯನ್ನು ಜೂನ್ 1ಕ್ಕೆ, ಡಿಸೆಂಬರ್ 1ಕ್ಕೆ ಕೊಡಬೇಕು. ಮಾಹಿತಿ ಹಕ್ಕಿನಲ್ಲಿ ಅದರ ಪ್ರತಿ ಕೇಳಿ, ನಿಮ್ಮ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ನೋಡಿ. ಒಮ್ಮೆ ಒಂದು ಗಣಿಯ ವೀಕ್ಷಣಾ ಬಾವಿಯ ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಕಲ್ಲಿನಿಂದ ಬಡಿದು ತೆಗೆದರೆ ಒಳಗೆ ಜೇಡರ ಬಲೆ. ರಿಜಿಸ್ಟರಿನಲ್ಲಿ ಮಾತ್ರ ನೀರಿನ ಮಟ್ಟ ದಶಮಾಂಶದ ಎರಡು ಸ್ಥಾನದವರೆಗೆ ಬರೆದಿತ್ತು!

ಮಳೆಯ ವಾದವನ್ನು ಅಲ್ಲಗಳೆಯಬೇಡಿ, ಅದು ನಿಜವೂ ಇರಬಹುದು. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಲೆಕ್ಕವನ್ನೂ ಪಕ್ಕದಲ್ಲೇ ಬರೆಯುತ್ತಾ ಹೋಗಿ. ಮಳೆ ಚೆನ್ನಾಗಿ ಬಂದ ವರ್ಷವೂ ನೀರು ಮೇಲೇರದಿದ್ದರೆ ಆಗ ಅವರು ಬೇರೆ ಉತ್ತರ ಹುಡುಕಬೇಕು.

ಇನ್ನು ಆಳದ ವಿಷಯ. ನಿಮ್ಮ ಗುಡ್ಡದ ಅದಿರು ಬಿರುಕು ಬಿಟ್ಟ, ಅಲ್ಲಲ್ಲಿ ಟೊಳ್ಳಾದ ಕಲ್ಲು. ಬಿದ್ದ ಮಳೆಯನ್ನು ಕುಡಿದು, ನಿಧಾನವಾಗಿ ಬುಡಕ್ಕೆ ಬಿಡುತ್ತದೆ. ಗುಂಡಿಯ ತಳ ಜಲಮಟ್ಟಕ್ಕಿಂತ, ಅಂದರೆ ನೆಲದೊಳಗೆ ನೀರು ನಿಂತಿರುವ ಮಟ್ಟಕ್ಕಿಂತ, ಮೇಲಿರುವ ತನಕ ತೊಂದರೆ ಅಷ್ಟಿಲ್ಲ. ಕೆಳಗಿಳಿದರೆ ನೀರನ್ನು ಹೊರಗೆ ಪಂಪು ಮಾಡಲೇಬೇಕು. ಸುತ್ತಲಿನ ನೀರು ಗುಂಡಿಯ ಕಡೆಗೇ ಹರಿಯುತ್ತದೆ. ಹಾಗೆ ಇಳಿಯಲು ಮುಂಚಿತ ಅನುಮತಿ ಬೇಕು. ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ಕರೆದರೆ ಕನಿಷ್ಠ 30 ದಿನ ಮೊದಲು ನೋಟಿಸು ಕೊಡಬೇಕು, ಗಣಿಯಿಂದ ಪರಿಸರಕ್ಕೆ ಏನಾಗುತ್ತದೆಂಬ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಗುಂಡಿಯ ತಳ ಸಮುದ್ರಮಟ್ಟದಿಂದ ಎಷ್ಟು ಮೀಟರು, ಜಲಮಟ್ಟ ಎಷ್ಟು ಮೀಟರು? ಇವೆರಡನ್ನೇ ಕೇಳಿ ಕುಳಿತುಕೊಳ್ಳಿ, ಭಾಷಣ ಬೇಡ.

ಗುಂಡಿ ಮುಚ್ಚಿದರೆ ನೀರು ತಾನಾಗಿ ಬರುತ್ತದೆಂಬುದು ಅರ್ಧ ಸತ್ಯ. ಸುರಿದ ಮಣ್ಣು ಹಳೆಯ ಕಲ್ಲಲ್ಲ. ಲಾರಿ ಓಡಾಡಿದ ಕಡೆ ಗಟ್ಟಿಯಾಗಿ ನೀರಿಳಿಯದು, ಸಡಿಲವಿದ್ದ ಕಡೆ ಕುಸಿಯುತ್ತದೆ. ಮೇಲ್ಮಣ್ಣನ್ನು ಬೇರೆ ತೆಗೆದಿಡಬೇಕೆಂದು 2017ರ ಖನಿಜ ಸಂರಕ್ಷಣಾ ನಿಯಮಗಳೇ ಹೇಳುತ್ತವೆ. ಆ ರಾಶಿ ಎಲ್ಲಿದೆ ಎಂದು ಈಗಲೇ ನೋಡಿಬನ್ನಿ. ತ್ಯಾಜ್ಯದ ಡಂಪಿನಡಿ ಸೇರಿಹೋಗಿದ್ದರೆ ಮುಂದೆ ನೆಟ್ಟ ಗಿಡ ಹಿಡಿಯುವುದು ಕಷ್ಟ. ಆಮೇಲೆ ಬರುವುದು ಬಳ್ಳಾರಿ ಜಾಲಿ, ಅದನ್ನು ಯಾರೂ ನೆಡಬೇಕಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಮೇಲೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಮಾಡಿಸಲಾಯಿತು. ಡಂಪಿನ ಬುಡಕ್ಕೆ ತಡೆಗೋಡೆ, ಹಳ್ಳಗಳಿಗೆ ಚೆಕ್ ಡ್ಯಾಮ್ ಬಂದದ್ದು ಹಾಗೆ. ಕಟ್ಟಿದ್ದಾಯಿತು, ಹೂಳು ತೆಗೆಯುವವರು ಯಾರು? ಹೂಳು ತುಂಬಿದ ಚೆಕ್ ಡ್ಯಾಮಿನ ಮೇಲೆ ಹಾಯ್ದ ಕೆಂಪು ನೀರು ನೇರ ಕೆರೆಗೆ ಬರುತ್ತದೆ. ಆ ನುಣ್ಣನೆಯ ಮಣ್ಣು ಕೆರೆಯ ತಳಕ್ಕೆ ಸಾರಿಸಿದಂತೆ ಕೂತರೆ ನೀರು ಇಂಗುವುದಿಲ್ಲ. ಕೆರೆ ತುಂಬಿರುತ್ತದೆ, ಬಾವಿ ಒಣಗಿರುತ್ತದೆ.

ಮುಂಗಾರಿನ ಮೊದಲ ಜೋರು ಮಳೆಯ ಮರುದಿನ ಹಳ್ಳದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ದಿನಾಂಕ ಬರೆದು ಕಿಟಕಿಯಲ್ಲಿಡಿ. ಮೂರು ದಿನದ ಮೇಲೆ ತಳದಲ್ಲಿ ಎಷ್ಟು ಬೆರಳು ಕೆಸರು ಕೂತಿದೆ ಎಂದು ನನಗೆ ಬರೆಯಿರಿ.